ಒಂದೇ ಫಿಲ್ಟರ್, ಎರಡು ಟೂಲ್, ಎರಡು ಗ್ರಾಫ್: ಮೈಕ್ರೋಸ್ಟ್ರಿಪ್ ಸಿಮ್ಯುಲೇಶನ್‌ನಲ್ಲಿ ದೋಷ ಹುಡುಕುವ ಕೈಪಿಡಿ

ಒಂದು ಮೈಕ್ರೋಸ್ಟ್ರಿಪ್ ಫಿಲ್ಟರ್ (ಬೋರ್ಡಿನ ಮೇಲಿನ ತಾಮ್ರದ ಪಟ್ಟಿಗಳಿಂದಲೇ ಆದ ಫಿಲ್ಟರ್) ಡಿಸೈನ್ ಮಾಡಿ ಎರಡು ಸಿಮ್ಯುಲೇಶನ್ ಟೂಲ್‌ನಲ್ಲಿ ಓಡಿಸುತ್ತೀರಿ. ಒಂದರಲ್ಲಿ ಪಾಸ್‌ಬ್ಯಾಂಡ್ (ಫಿಲ್ಟರ್ ದಾಟಲು ಬಿಡುವ ಫ್ರೀಕ್ವೆನ್ಸಿ ಪಟ್ಟಿ) ಸರಿಯಾಗಿ 5.8 ಗಿಗಾಹರ್ಟ್ಸ್‌ನಲ್ಲಿ ಕೂರುತ್ತದೆ. ಇನ್ನೊಂದರಲ್ಲಿ 5.68ಕ್ಕೆ ಇಳಿದಿರುತ್ತದೆ. "ಯಾವ ಟೂಲ್ ಸರಿ?" ಅಂತ ತಕ್ಷಣ ಬಾಯಿಗೆ ಬರುತ್ತದೆ. ಆದರೆ ಎರಡೂ ಬಿಡಿಸುವುದು ಅದೇ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಅಲ್ವಾ? ಉತ್ತರ ಬೇರೆ ಬಂದಿದೆ ಅಂದರೆ ಹೆಚ್ಚಿನ ಸಲ ನಾವು ಕೊಟ್ಟ ಲೆಕ್ಕವೇ ಬೇರೆ ಬೇರೆ ಆಗಿರುತ್ತದೆ. ಆ ಬೇರೆತನ ಎಲ್ಲಿದೆ ಅನ್ನುವುದನ್ನು ಗ್ರಾಫಿನ ಆಕಾರವೇ ಹೇಳುತ್ತದೆ. ಅದಕ್ಕೇ ಈ ಕೈಪಿಡಿಯನ್ನು ಕಣ್ಣಿಗೆ ಕಾಣುವ ಲಕ್ಷಣಗಳ ಪ್ರಕಾರ ಬರೆದಿದ್ದೇನೆ.

ಉದಾಹರಣೆಗೆ ಒಂದೇ ಬೋರ್ಡ್ ಇಟ್ಟುಕೊಳ್ಳೋಣ. ರೋಜರ್ಸ್ ಕಂಪನಿಯ ಆರ್‌ಓ4003ಸಿ ಹಾಳೆ, 0.508 ಮಿ.ಮೀ. ದಪ್ಪ, ಅದರ ಮೇಲೆ 5.8 ಗಿಗಾಹರ್ಟ್ಸ್‌ನ ಕಪಲ್ಡ್ ಲೈನ್ ಫಿಲ್ಟರ್ (ನಡುವೆ ಕಿರಿದಾದ ಗ್ಯಾಪ್ ಬಿಟ್ಟು ಪಕ್ಕಪಕ್ಕ ಇಟ್ಟ ರೆಸೊನೇಟರ್ ಪಟ್ಟಿಗಳು). ಇದರಲ್ಲಿ 50 ಓಮ್ ಲೈನ್ ಸುಮಾರು 1.1 ಮಿ.ಮೀ. ಅಗಲ ಬರುತ್ತದೆ.

ಟೂಲ್‌ಗಳ ಸ್ವಭಾವ ಸ್ವಲ್ಪ ಗೊತ್ತಿರಲಿ. ಮೊಮೆಂಟಮ್, ಸಾನೆಟ್ ಥರದ ಪ್ಲೇನಾರ್ ಟೂಲ್‌ಗಳು ಲೋಹವನ್ನು ಮಾತ್ರ ಮೆಶ್ ಮಾಡುತ್ತವೆ, ಅಂದರೆ ಲೆಕ್ಕಕ್ಕಾಗಿ ಸಣ್ಣ ಕೋಶಗಳಾಗಿ ಒಡೆಯುತ್ತವೆ. ಮೊಮೆಂಟಮ್ ಸಾಮಾನ್ಯವಾಗಿ ಸಬ್‌ಸ್ಟ್ರೇಟ್ (ತಾಮ್ರದ ಕೆಳಗಿನ ನಿರೋಧಕ ಹಾಳೆ) ಪದರ ಕೊನೆಯಿಲ್ಲದೆ ಹರಡಿದೆ ಅಂದುಕೊಳ್ಳುತ್ತದೆ. ಸಾನೆಟ್ ಎಲ್ಲವನ್ನೂ ಒಂದು ಲೋಹದ ಡಬ್ಬಿಯೊಳಗೆ ಇಡುತ್ತದೆ. ಎಚ್‌ಎಫ್‌ಎಸ್‌ಎಸ್ ಇಡೀ ಜಾಗವನ್ನು ನಾಲ್ಕು ಮುಖದ ಚೂರುಗಳಾಗಿ ಒಡೆಯುತ್ತದೆ. ಸಿಎಸ್‌ಟಿಯ ಟೈಮ್ ಡೊಮೇನ್ ಸಾಲ್ವರ್ ಮತ್ತು ಉಚಿತವಾಗಿ ಸಿಗುವ ಓಪನ್‌ಇಎಂಎಸ್ ಜಾಗವನ್ನು ಇಟ್ಟಿಗೆಯಾಕಾರದ ಕೋಶಗಳಾಗಿ ಒಡೆದು, ಒಂದು ಪಲ್ಸ್ ಕಳಿಸಿ ಅದು ಸಾಯುವವರೆಗೆ ಕಾಯುತ್ತವೆ. ಮುಂದೆ ಬರುವ ಅರ್ಧ ಲಕ್ಷಣಗಳ ಮೂಲ ಈ ಕೆಲವು ಸಾಲುಗಳಲ್ಲೇ ಇದೆ.

ಶುರು ಮಾಡುವ ಮುಂಚೆ: ಈ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಾ?

ಎಲ್ಲ ವ್ಯತ್ಯಾಸವನ್ನೂ ಬೆನ್ನಟ್ಟಬೇಕಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡ, ಡೇಟಾಶೀಟ್ ಇಲ್ಲದ ಎಫ್‌ಆರ್4 (ಗಾಜಿನ ನಾರಿನ ಮಾಮೂಲಿ ಬೋರ್ಡ್) ಹಾಳೆಯ ಎಪ್ಸಿಲಾನ್ (ಡೈಎಲೆಕ್ಟ್ರಿಕ್ ಸ್ಥಿರಾಂಕ; ಜಾಸ್ತಿಯಾದಷ್ಟೂ ಫ್ರೀಕ್ವೆನ್ಸಿ ಇಳಿಯುತ್ತದೆ) 4.2 ಕೂಡ ಇರಬಹುದು, 4.6 ಕೂಡ ಇರಬಹುದು. ಅಷ್ಟರಿಂದಲೇ ಫ್ರೀಕ್ವೆನ್ಸಿ ಸುಮಾರು 4% ಓಡಾಡುತ್ತದೆ. ಅಂದರೆ 2.4 ಗಿಗಾಹರ್ಟ್ಸ್ ಆಂಟೆನಾದಲ್ಲಿ ಸರಿಸುಮಾರು 100 ಮೆಗಾಹರ್ಟ್ಸ್. ಅಂಥ ಬೋರ್ಡಿಗೆ ಎರಡು ಟೂಲ್‌ಗಳ ನಡುವೆ 15 ಮೆಗಾಹರ್ಟ್ಸ್ ವ್ಯತ್ಯಾಸ ಬಂದರೆ ಬಿಟ್ಟುಬಿಡಿ. ಅದೇ ನಮ್ಮ 5.8ರ ಫಿಲ್ಟರ್ 100 ಮೆಗಾಹರ್ಟ್ಸ್ ಅಗಲದ್ದಾದರೆ 1% ಅಂದರೂ 58 ಮೆಗಾಹರ್ಟ್ಸ್. ಅರ್ಧ ಪಾಸ್‌ಬ್ಯಾಂಡ್ ಹೋಯಿತು. ಆಗ ಹುಡುಕಲೇಬೇಕು.

ಹುಡುಕುವಾಗ ಒಂದು ಶಿಸ್ತು ಬೇಕು. ಮೂಲ ಫೈಲ್ ಮುಟ್ಟಬೇಡಿ, ನಕಲು ಮಾಡಿಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಡಿ. ಮೂರು ಸೆಟ್ಟಿಂಗ್ ಒಟ್ಟಿಗೆ ಬದಲಾಯಿಸಿ ಗ್ರಾಫ್ ಸರಿಹೋದರೆ ಏನೂ ಕಲಿತ ಹಾಗಾಗುವುದಿಲ್ಲ.

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ: ಬರೀ ಒಂದು ಲೈನ್

ಫಿಲ್ಟರ್ ಪಕ್ಕಕ್ಕಿಡಿ. ಅದೇ ಸಬ್‌ಸ್ಟ್ರೇಟ್, ಅದೇ ಪೋರ್ಟ್ (ಸಿಗ್ನಲ್ ಒಳಹೋಗುವ, ಹೊರಬರುವ ತುದಿ), ಅದೇ ಡಬ್ಬಿ ಇಟ್ಟು 1.1 ಮಿ.ಮೀ. ಅಗಲದ ನೇರ ಲೈನ್ ಒಂದನ್ನು ಎರಡೂ ಟೂಲ್‌ನಲ್ಲಿ ಓಡಿಸಿ. ಕೆಲವೇ ನಿಮಿಷದ ಕೆಲಸ. ಕೈಯಲ್ಲೂ ಲೆಕ್ಕ ಹಾಕಿ. ಎಪ್ಸಿಲಾನ್ 3.55 ಹಿಡಿದರೆ ಮೈಕ್ರೋಸ್ಟ್ರಿಪ್ ಸೂತ್ರದ ಪ್ರಕಾರ ಎಫೆಕ್ಟಿವ್ ಎಪ್ಸಿಲಾನ್ (ಹಾಳೆ ಮತ್ತು ಗಾಳಿ ಎರಡೂ ಸೇರಿದ ಮೌಲ್ಯ) 2.77ರ ಆಸುಪಾಸು ಬರುತ್ತದೆ. 5.8 ಗಿಗಾಹರ್ಟ್ಸ್‌ನಲ್ಲಿ ಲೈನಿನ ಮೇಲಿನ ತರಂಗಾಂತರ ಸುಮಾರು 31 ಮಿ.ಮೀ. ಅಂದರೆ ಒಂದು ಮಿಲಿಮೀಟರಿಗೆ 11.6 ಡಿಗ್ರಿ ಫೇಸ್. 20 ಮಿ.ಮೀ. ಲೈನಿಗೆ ಸುಮಾರು 232 ಡಿಗ್ರಿ.

ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಬೆಂಗಳೂರಿನ ಐಐಎಸ್‌ಸಿ) ರಾಜೇಶ್ವರಿ ಚಟರ್ಜಿ ಮತ್ತು ಶಿಶಿರ್ ಕುಮಾರ್ ಚಟರ್ಜಿ ದಂಪತಿ 1950ರ ದಶಕದಲ್ಲಿ ಮೈಕ್ರೋವೇವ್ ಸಂಶೋಧನೆ ಕಟ್ಟಿ ಬೆಳೆಸಿದಾಗ ಇಂಥ ಟೂಲ್ ಯಾವುದೂ ಇರಲಿಲ್ಲ. ಕಾಗದದ ಲೆಕ್ಕವೇ ಆಧಾರ. ಇವತ್ತಿಗೂ ಎರಡು ಟೂಲ್ ಜಗಳಕ್ಕೆ ನಿಂತಾಗ ಮೂರನೇ ಸಾಕ್ಷಿ ಅದೇ.

ಲೈನ್‌ನಲ್ಲೇ ಎಸ್21ರ (ಒಂದು ಪೋರ್ಟಿನಿಂದ ಇನ್ನೊಂದಕ್ಕೆ ದಾಟುವ ಸಿಗ್ನಲ್) ಫೇಸ್ ಬೇರೆ ಬಂದರೆ ತೊಂದರೆ ಮೆಟೀರಿಯಲ್‌ನಲ್ಲಿ ಅಥವಾ ಪೋರ್ಟ್‌ನಲ್ಲಿದೆ. ಲೈನ್ ಎರಡರಲ್ಲೂ ಒಂದೇ ಬಂದು ಫಿಲ್ಟರ್ ಮಾತ್ರ ಬೇರೆ ಬಂದರೆ ಗ್ಯಾಪ್, ಮೆಶ್, ವಯಾ (ಬೋರ್ಡ್ ತೂರಿ ಹೋಗುವ ಲೋಹದ ರಂಧ್ರ) ಅಥವಾ ಡಬ್ಬಿಯ ಕಡೆ ನೋಡಬೇಕು. ಇದೊಂದು ಪರೀಕ್ಷೆ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ. ದಯವಿಟ್ಟು ಬಿಡಬೇಡಿ.

ಲಕ್ಷಣ: ಗ್ರಾಫಿನ ಆಕಾರ ಅದೇ, ಇಡೀ ಗ್ರಾಫ್ ಎಡಕ್ಕೋ ಬಲಕ್ಕೋ ಸರಿದಿದೆ

ಇದು ಎಲ್ಲಕ್ಕಿಂತ ಜಾಸ್ತಿ ಕಾಣುವ ಲಕ್ಷಣ. ಮೊದಲು ಎಪ್ಸಿಲಾನ್ ನೋಡಿ. ಆರ್‌ಓ4003ಸಿ ಡೇಟಾಶೀಟಿನಲ್ಲೇ ಎರಡು ಸಂಖ್ಯೆಗಳಿವೆ. ತಯಾರಿಕೆಯ ಗುಣಮಟ್ಟ ನೋಡಲು ಅಳೆದಿದ್ದು 3.38, ಡಿಸೈನಿಗೆ ಬಳಸಿ ಅಂತ ಕೊಟ್ಟಿದ್ದು 3.55. ಆರ್‌ಓ4350ಬಿಯಲ್ಲೂ ಹಾಗೇ, 3.48 ಮತ್ತು 3.66. ಒಂದು ಟೂಲಿನ ಲೈಬ್ರರಿಯಿಂದ ಮೊದಲನೆಯದು ಬಂದು, ಇನ್ನೊಂದಕ್ಕೆ ನೀವು ಎರಡನೆಯದನ್ನು ಟೈಪ್ ಮಾಡಿರಬಹುದು. ಈ ಒಂದೇ ಕಾರಣಕ್ಕೆ ನಮ್ಮ ಫಿಲ್ಟರ್ ಸುಮಾರು 2.2% ಸರಿಯುತ್ತದೆ. 5.8ರಿಂದ 5.68ಕ್ಕೆ. ಶುರುವಿನಲ್ಲಿ ಹೇಳಿದ ವ್ಯತ್ಯಾಸ ಪೂರ್ತಿ ಇದರಲ್ಲೇ ಮುಗಿಯಿತು.

ಆಮೇಲೆ ದಪ್ಪ ನೋಡಿ. ಒಂದು ಕಡೆ 0.508, ಇನ್ನೊಂದು ಕಡೆ ಸುಮ್ನೆ 0.5 ಅಂತ ಇದೆಯಾ? ಸೋಲ್ಡರ್ ಮಾಸ್ಕ್ ಪದರ ಒಂದರಲ್ಲಿ ಮಾತ್ರ ಇದೆಯಾ? ಮಾಸ್ಕ್ ಇದ್ದರೆ ಫ್ರೀಕ್ವೆನ್ಸಿ ಇಳಿಯುತ್ತದೆ. ಒಂದು ಟೂಲ್ ಎಪ್ಸಿಲಾನನ್ನು ಎಲ್ಲ ಫ್ರೀಕ್ವೆನ್ಸಿಗೂ ಒಂದೇ ಅಂತ ಹಿಡಿದು, ಇನ್ನೊಂದು ಫ್ರೀಕ್ವೆನ್ಸಿ ಏರಿದಂತೆ ಇಳಿಯುವ ಮಾಡೆಲ್ ಬಳಸುತ್ತಿದೆಯಾ? ಎಫ್‌ಆರ್4ನಲ್ಲಿ ಇದು ಎದ್ದು ಕಾಣುತ್ತದೆ.

ಮೆಟೀರಿಯಲ್ ಸರಿಯಿದ್ದರೆ ಆಕಾರ ಅಳೆಯಿರಿ. ಡಿಎಕ್ಸ್‌ಎಫ್ ಅಥವಾ ಗರ್ಬರ್ ಫೈಲ್ ಮೂಲಕ ತಂದಾಗ ಮಿಲ್ (ಇಂಚಿನ ಸಾವಿರದಲ್ಲೊಂದು ಭಾಗ) ಮತ್ತು ಮಿಲಿಮೀಟರ್ ಅದಲುಬದಲಾಗುವುದು ದೊಡ್ಡದಾಗಿ ಕಾಣುತ್ತದೆ, ತಕ್ಷಣ ಸಿಕ್ಕಿಬೀಳುತ್ತದೆ. ಕಾಣದೇ ಇರುವುದು ಸಣ್ಣ ದುಂಡಾಗಿಸುವಿಕೆ. ಸಾನೆಟ್ ಥರ ಸಮನಾದ ಗ್ರಿಡ್ ಇರುವ ಟೂಲ್ ಲೋಹದ ಅಂಚನ್ನು ಗ್ರಿಡ್ಡಿಗೆ ಕೂರಿಸುತ್ತದೆ. ಕೋಶ 0.05 ಮಿ.ಮೀ. ಇದ್ದು ಗ್ಯಾಪ್ 0.13 ಇದ್ದರೆ ಅದು ಲೆಕ್ಕ ಹಾಕುವುದು 0.15ಕ್ಕೋ 0.10ಕ್ಕೋ. ನೀವು ಬರೆದ ಗ್ಯಾಪ್ ಅಲ್ಲಿ ಇಲ್ಲವೇ ಇಲ್ಲ. ಟೂಲ್ ನಿಜವಾಗಿ ಮೆಶ್ ಮಾಡಿದ ಚಿತ್ರವನ್ನು ತೆರೆದು ನೋಡಿ.

ಕೊನೆಗೆ ಮೆಶ್. ಕೋಶ ಅರ್ಧ ಮಾಡಿ ಮತ್ತೆ ಓಡಿಸಿ, ಮತ್ತೆ ಅರ್ಧ ಮಾಡಿ. ಪ್ರತಿ ಸಲ ಪಾಸ್‌ಬ್ಯಾಂಡಿನ ನಡುಮಧ್ಯ ಎಲ್ಲಿದೆ ಅಂತ ಬರೆದುಕೊಳ್ಳಿ. ಸಂಖ್ಯೆ ಇನ್ನೂ ಒಂದೇ ಕಡೆಗೆ ಜಾರುತ್ತಿದ್ದರೆ ಆ ಟೂಲ್ ಇನ್ನೂ ಉತ್ತರಕ್ಕೆ ತಲುಪಿಲ್ಲ. ನಿಂತಿದ್ದರೆ ಅದು ತನ್ನ ಲೆಕ್ಕ ಮುಗಿಸಿದೆ, ದೋಷ ಬೇರೆ ಕಡೆ ಇದೆ. ಎಚ್‌ಎಫ್‌ಎಸ್‌ಎಸ್‌ನಲ್ಲಿ ಸಾಮಾನ್ಯವಾಗಿ ಡೆಲ್ಟಾ ಎಸ್ (ಮೆಶ್ ಬದಲಾದಾಗ ಉತ್ತರ ಎಷ್ಟು ಬದಲಾಗಬಹುದು ಅನ್ನುವ ಮಿತಿ) 0.02ಕ್ಕೆ ಇರುತ್ತದೆ. ಕಿರಿದಾದ ಫಿಲ್ಟರಿಗೆ ಅದು ಸಾಲದು. 0.005ಕ್ಕೆ ಇಳಿಸಿ, ಹೊಸ ಮೆಶ್‌ನಲ್ಲಿ ಸತತ ಎರಡು ಸಲ ಆ ಮಿತಿಯೊಳಗೆ ಬರಬೇಕು ಅಂತ ಹಾಕಿ. ಮೆಶ್ ಹೊಂದಿಸುವ ಫ್ರೀಕ್ವೆನ್ಸಿ ಪಾಸ್‌ಬ್ಯಾಂಡಿನ ಒಳಗೇ ಇರಲಿ. ಸ್ಟಾಪ್‌ಬ್ಯಾಂಡಿನಲ್ಲಿ ಇಟ್ಟರೆ ರೆಸೊನೇಟರ್‌ಗಳೊಳಗೆ ಫೀಲ್ಡೇ ಇರುವುದಿಲ್ಲ, ಮೆಶ್ ಬೇಕಾದ ಕಡೆ ದಟ್ಟ ಆಗುವುದೂ ಇಲ್ಲ. ಓಪನ್‌ಇಎಂಎಸ್‌ನಲ್ಲಿ ಲೋಹದ ಅಂಚಿನ ಮೇಲೆಯೇ ಗ್ರಿಡ್ ಗೆರೆ ಇಡುವ ಬದಲು ಮೂರರಲ್ಲೊಂದು ಭಾಗ ಒಳಗೆ, ಮೂರರಲ್ಲೆರಡು ಭಾಗ ಹೊರಗೆ ಬರುವಂತೆ ಗೆರೆ ಇಡುವ ರೂಢಿ ಇದೆ. ಲೈನಿನ ಅಂಚಿನಲ್ಲಿ ಕರೆಂಟ್ ತುಂಬಾ ದಟ್ಟವಾಗಿರುವುದರಿಂದ ಇಷ್ಟು ಸಣ್ಣ ವಿಷಯವೂ ಫ್ರೀಕ್ವೆನ್ಸಿ ಸರಿಸುತ್ತದೆ.

ಲಕ್ಷಣ: ನಡುಮಧ್ಯ ಸರಿಯಿದೆ, ಪಾಸ್‌ಬ್ಯಾಂಡಿನ ಅಗಲ ಬೇರೆ

ಅಗಲ ನಿರ್ಧರಿಸುವುದು ರೆಸೊನೇಟರ್‌ಗಳ ನಡುವಿನ ಕಪ್ಲಿಂಗ್. ಕಪ್ಲಿಂಗ್, ಅಂದರೆ ಒಂದರಿಂದ ಇನ್ನೊಂದಕ್ಕೆ ಶಕ್ತಿ ದಾಟುವ ಪ್ರಮಾಣ, ನಿರ್ಧರಿಸುವುದು ಗ್ಯಾಪ್. ಮೊದಲು ಕೇಳಬೇಕಾದ್ದು: ಲೋಹಕ್ಕೆ ದಪ್ಪ ಕೊಟ್ಟಿದ್ದೀರಾ? ಪ್ಲೇನಾರ್ ಟೂಲ್‌ನಲ್ಲಿ ಲೋಹ ಸಾಮಾನ್ಯವಾಗಿ ದಪ್ಪವೇ ಇಲ್ಲದ ಹಾಳೆ. ತ್ರೀಡಿ ಟೂಲ್‌ನಲ್ಲಿ 35 ಮೈಕ್ರಾನ್ ಗೋಡೆ. ಗ್ಯಾಪ್ 150 ಮೈಕ್ರಾನ್ ಇದ್ದಾಗ ಎರಡು ಗೋಡೆಗಳು ಎದುರುಬದುರು ನಿಂತು ಕೆಪಾಸಿಟೆನ್ಸ್ ಹೆಚ್ಚಿಸುತ್ತವೆ. ಕಪ್ಲಿಂಗ್ ಬಿಗಿಯಾಗುತ್ತದೆ, ಪಾಸ್‌ಬ್ಯಾಂಡ್ ಅಗಲವಾಗುತ್ತದೆ. ಪರೀಕ್ಷೆ ಸುಲಭ: ತ್ರೀಡಿ ಮಾಡೆಲ್‌ನಲ್ಲೂ ದಪ್ಪ ತೆಗೆದು ಹಾಳೆ ಹಾಕಿ. ಎರಡೂ ಒಂದಾದರೆ ಕಾರಣ ಸಿಕ್ಕಿತು. ಆಮೇಲೆ ಪ್ಲೇನಾರ್ ಟೂಲ್‌ನಲ್ಲಿ ದಪ್ಪ ಲೋಹದ ಆಯ್ಕೆ ಆನ್ ಮಾಡಿ, ಯಾಕೆಂದರೆ ನಿಜವಾದ ಬೋರ್ಡಿನಲ್ಲಿ ದಪ್ಪ ಇದ್ದೇ ಇರುತ್ತದೆ. ಅರ್ಧ ಔನ್ಸ್ ತಾಮ್ರ 17–18 ಮೈಕ್ರಾನ್ ಇದ್ದರೂ ವಯಾ ಪ್ಲೇಟಿಂಗ್ ಆದ ಮೇಲೆ ಇನ್ನಷ್ಟು ಏರುತ್ತದೆ.

ದಪ್ಪ ಒಂದೇ ಇದ್ದೂ ಅಗಲ ಬೇರೆ ಬಂದರೆ ಗ್ಯಾಪಿನ ಪಕ್ಕದ ಅಂಚುಗಳಲ್ಲಿ ಎಡ್ಜ್ ಮೆಶ್ (ಅಂಚಿನುದ್ದಕ್ಕೂ ಸಣ್ಣ ಕೋಶಗಳು) ಹಾಕಿ, ಗ್ಯಾಪಿನೊಳಗೆ ಒಂದಕ್ಕಿಂತ ಜಾಸ್ತಿ ಕೋಶ ಬರುವಂತೆ ನೋಡಿ.

ಲಕ್ಷಣ: ಎಸ್21 ಹೆಚ್ಚುಕಮ್ಮಿ ಅದೇ, ಎಸ್11 ಪೂರ್ತಿ ಬೇರೆ, ಅಥವಾ ಫೇಸ್ ಸುತ್ತಿಕೊಂಡಿದೆ

ಇದು ಪೋರ್ಟಿನ ಕಥೆ. ನೇರ ಲೈನಿನಲ್ಲಿ ಒಂದು ಟೂಲ್ ಎಲ್ಲ ಫ್ರೀಕ್ವೆನ್ಸಿಯಲ್ಲೂ ಎಸ್11 (ಪೋರ್ಟಿಗೆ ವಾಪಸ್ ಬರುವ ಪ್ರತಿಫಲನ) −60 ಡಿಬಿ ತೋರಿಸಿ, ಇನ್ನೊಂದು −32 ಡಿಬಿವರೆಗೆ ಏರಿಳಿಯುತ್ತಿದ್ದರೆ ಎರಡೂ ಸರಿಯಾಗಿಯೇ ಇರಬಹುದು. ಲೈನಿನ ಇಂಪಿಡೆನ್ಸ್ 51.3 ಓಮ್ ಇದೆ ಅಂದುಕೊಳ್ಳಿ. ಮೊದಲನೆಯದು ಪೋರ್ಟಿನ ಸ್ವಂತ ಇಂಪಿಡೆನ್ಸಿಗೆ ಹೋಲಿಸುತ್ತಿದೆ, ಹಾಗಾಗಿ ಪ್ರತಿಫಲನವೇ ಕಾಣುವುದಿಲ್ಲ. ಎರಡನೆಯದು 50 ಓಮ್‌ಗೆ ಹೋಲಿಸುತ್ತಿದೆ. 51.3 ಮತ್ತು 50ರ ನಡುವಿನ ಅಷ್ಟೇ ವ್ಯತ್ಯಾಸಕ್ಕೆ −32 ಡಿಬಿ ಬರುತ್ತದೆ. ಎರಡರಲ್ಲೂ 50 ಓಮ್‌ಗೆ ರಿನಾರ್ಮಲೈಸ್ ಮಾಡಿ ಮತ್ತೆ ಹೋಲಿಸಿ. ಟಚ್‌ಸ್ಟೋನ್ ಫೈಲ್ (ಎಸ್11, ಎಸ್21 ಸಂಖ್ಯೆಗಳನ್ನು ಉಳಿಸುವ ಫೈಲ್) ತೆರೆದರೆ # ಗುರುತಿನ ಸಾಲಿನಲ್ಲಿ ಫ್ರೀಕ್ವೆನ್ಸಿಯ ಯೂನಿಟ್, ಡಿಬಿಯೋ ಮ್ಯಾಗ್ನಿಟ್ಯೂಡೋ ರಿಯಲ್-ಇಮ್ಯಾಜಿನರಿಯೋ ಅನ್ನುವುದು, ಕೊನೆಗೆ ರೆಫರೆನ್ಸ್ ಇಂಪಿಡೆನ್ಸ್, ಎಲ್ಲ ಇರುತ್ತದೆ. ಆ ಸಾಲನ್ನು ಓದದೆ ಗ್ರಾಫ್ ಹಾಕಬೇಡಿ.

ಫೇಸ್ ಮಾತ್ರ ಬೇರೆ ಇದ್ದರೆ ರೆಫರೆನ್ಸ್ ಪ್ಲೇನ್ (ಫೇಸ್ ಎಣಿಕೆ ಶುರುವಾಗುವ ಜಾಗ) ನೋಡಿ. 5.8ರಲ್ಲಿ ಎಸ್21ರ ಫೇಸಿಗೆ 23 ಡಿಗ್ರಿ ವ್ಯತ್ಯಾಸ ಬಂದಿದೆ ಅಂದರೆ ಅದು ಹತ್ತಿರಹತ್ತಿರ 2 ಮಿ.ಮೀ. ಲೈನ್. ಯಾವುದೋ ಒಂದರಲ್ಲಿ ಫೀಡ್ ಲೈನ್ ಡಿಎಂಬೆಡ್ ಆಗಿಲ್ಲ (ಲೆಕ್ಕದಿಂದ ಕಳೆದಿಲ್ಲ). ಫೇಸ್ ವ್ಯತ್ಯಾಸ ಫ್ರೀಕ್ವೆನ್ಸಿ ಜೊತೆ ನೇರವಾಗಿ ಏರುತ್ತಿದ್ದರೆ ಇದು ಖಚಿತ.

ವೇವ್ ಪೋರ್ಟ್ (ಲೈನಿನ ತುದಿಯನ್ನೂ ಅದರ ಸುತ್ತಲಿನ ಜಾಗವನ್ನೂ ಆವರಿಸುವ ಆಯತದ ಪೋರ್ಟ್) ಬಳಸುವವರು ಪೋರ್ಟಿನ ಗಾತ್ರ ನೋಡಿ. ಚಿಕ್ಕದಾದರೆ ಫೀಲ್ಡನ್ನು ಕತ್ತರಿಸುತ್ತದೆ, ಇಂಪಿಡೆನ್ಸ್ ಇಳಿಯುತ್ತದೆ. ತುಂಬಾ ದೊಡ್ಡದಾದರೆ ಪೋರ್ಟೇ ವೇವ್‌ಗೈಡ್ ಥರ ಬೇರೆ ಮೋಡ್ ಹಿಡಿದುಕೊಳ್ಳುತ್ತದೆ. ಸಬ್‌ಸ್ಟ್ರೇಟ್ ದಪ್ಪದ ಆರರಿಂದ ಹತ್ತು ಪಟ್ಟು ಎತ್ತರದಿಂದ ಶುರು ಮಾಡಿ, ಪೋರ್ಟಿನ ಫೀಲ್ಡ್ ಚಿತ್ರವನ್ನು ಕಣ್ಣಾರೆ ನೋಡಿ. ಅಂಚಿನ ಹತ್ತಿರ ಫೀಲ್ಡ್ ಉಳಿದಿರಬಾರದು.

ಲಕ್ಷಣ: ಲಾಸ್ ಹೊಂದುತ್ತಿಲ್ಲ

ಒಂದರಲ್ಲಿ 1 ಡಿಬಿ, ಇನ್ನೊಂದರಲ್ಲಿ 2 ಡಿಬಿ. ಇಲ್ಲಿ ಒಂದು ಒಳ್ಳೆಯ ಉಪಾಯವಿದೆ. ಎರಡೂ ಮಾಡೆಲ್‌ನಲ್ಲಿ ಲಾಸ್ ಪೂರ್ತಿ ತೆಗೆಯಿರಿ. ತಾಮ್ರದ ಬದಲು ಪರ್ಫೆಕ್ಟ್ ಕಂಡಕ್ಟರ್, ಲಾಸ್ ಟ್ಯಾಂಜೆಂಟ್ (ಸಬ್‌ಸ್ಟ್ರೇಟ್ ನುಂಗುವ ಶಕ್ತಿಯ ಅಳತೆ) ಸೊನ್ನೆ. ಈಗ ಎಸ್11 ಮ್ಯಾಗ್ನಿಟ್ಯೂಡಿನ ವರ್ಗ ಮತ್ತು ಎಸ್21 ಮ್ಯಾಗ್ನಿಟ್ಯೂಡಿನ ವರ್ಗ ಕೂಡಿಸಿ. ಮುಚ್ಚಿದ ಡಬ್ಬಿಯಲ್ಲಿ ಮೊತ್ತ 1 ಬರಲೇಬೇಕು. ತೆರೆದ ಮಾಡೆಲ್‌ನಲ್ಲಿ 1ಕ್ಕಿಂತ ಎಷ್ಟು ಕಮ್ಮಿಯಾಯಿತೋ ಅಷ್ಟು ಶಕ್ತಿ ಹೊರಗೆ ಹೋಗಿದೆ: ಗಾಳಿಗೆ ರೇಡಿಯೇಟ್ ಆಗಿದೆ, ಇಲ್ಲವೇ ಸಬ್‌ಸ್ಟ್ರೇಟಿನಲ್ಲೇ ಸರ್ಫೇಸ್ ವೇವ್ ಆಗಿ ಹರಿದಿದೆ. ಬಹಳ ಸಲ ಲಾಸ್ ಜಗಳ ಇಲ್ಲೇ ಬಗೆಹರಿಯುತ್ತದೆ: ಒಂದು ಟೂಲ್ ಡಬ್ಬಿ ಮುಚ್ಚಿದೆ, ಇನ್ನೊಂದು ತೆರೆದಿದೆ. ಎಚ್‌ಎಫ್‌ಎಸ್‌ಎಸ್‌ನಲ್ಲಿ ಹೊರಗಿನ ಮುಖಕ್ಕೆ ಏನೂ ಹೇಳದಿದ್ದರೆ ಅದು ಲೋಹದ ಗೋಡೆ ಅಂತಲೇ ಲೆಕ್ಕ ಅನ್ನುವುದು ನೆನಪಿರಲಿ.

ಆಮೇಲೆ ಲಾಸನ್ನು ಒಂದೊಂದಾಗಿ ವಾಪಸ್ ಹಾಕಿ. ಮೊದಲು ಲಾಸ್ ಟ್ಯಾಂಜೆಂಟ್ (ಆರ್‌ಓ4003ಸಿಗೆ 10 ಗಿಗಾಹರ್ಟ್ಸ್‌ನಲ್ಲಿ 0.0027, ಎಫ್‌ಆರ್4ಗೆ 0.02ರ ಹತ್ತಿರ). ಆಮೇಲೆ ತಾಮ್ರ. ಕೊನೆಗೆ ಒರಟುತನ. 5.8 ಗಿಗಾಹರ್ಟ್ಸ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್ (ಕರೆಂಟ್ ಹರಿಯುವ ಮೇಲ್ಪದರದ ಆಳ) ಒಂದು ಮೈಕ್ರಾನಿಗಿಂತ ಕಮ್ಮಿ, ಸುಮಾರು 0.87. ತಾಮ್ರದ ಹಾಳೆಯ ಒರಟುತನವೂ ಅದೇ ಮಟ್ಟದ್ದು, ಆದ್ದರಿಂದ ಕರೆಂಟಿಗೆ ಉಬ್ಬುತಗ್ಗಿನ ದಾರಿ. ಹ್ಯಾಮರ್‌ಸ್ಟಡ್ ಮಾಡೆಲ್‌ನಲ್ಲಿ ಒರಟುತನ ಎಷ್ಟೇ ಇರಲಿ, ಲೋಹದ ಲಾಸ್ ಎರಡು ಪಟ್ಟಿಗಿಂತ ಜಾಸ್ತಿ ಆಗುವುದಿಲ್ಲ. ಹ್ಯೂರೇ ಮಾಡೆಲ್‌ಗೆ ಆ ಮಿತಿ ಇಲ್ಲ. ಎರಡು ಟೂಲ್‌ನಲ್ಲಿ ಎರಡು ಮಾಡೆಲ್ ಇದ್ದರೆ ಲಾಸ್ ಬೇರೆ ಬರುವುದು ಸಹಜ. ತ್ರೀಡಿ ಟೂಲ್‌ನಲ್ಲಿ ತಾಮ್ರದ ಒಳಗೂ ಮೆಶ್ ಮಾಡು ಅಂತ ಹಾಕಿದ್ದರೆ ತೆಗೆಯಿರಿ. 0.87 ಮೈಕ್ರಾನನ್ನು ಸರಿಯಾಗಿ ಹಿಡಿಯುವಷ್ಟು ಸಣ್ಣ ಮೆಶ್ ನಿಮ್ಮ ಕಂಪ್ಯೂಟರಿಗೆ ಭಾರ.

ಲಕ್ಷಣ: ಒಂದೇ ಟೂಲ್‌ನಲ್ಲಿ ಚೂಪಾದ ಮುಳ್ಳು ಅಥವಾ ಗುಂಡಿ

ಡಬ್ಬಿಯ ರೆಸೊನೆನ್ಸ್ ಇರಬೇಕು ಅಂತ ಮೊದಲ ಅನುಮಾನ. 30 × 40 ಮಿ.ಮೀ. ಖಾಲಿ ಡಬ್ಬಿಯ ಮೊದಲ ಮೋಡ್ 6.25 ಗಿಗಾಹರ್ಟ್ಸ್‌ಗೆ ಬರುತ್ತದೆ. ಸಬ್‌ಸ್ಟ್ರೇಟ್ ಇದ್ದರೆ ಇನ್ನೂ ಸ್ವಲ್ಪ ಕೆಳಗೆ. 5.8ರ ಫಿಲ್ಟರಿಗೆ ಇದು ಮಗ್ಗುಲಲ್ಲೇ ಇದೆ. ಡಬ್ಬಿಯನ್ನು ಐದು ಮಿಲಿಮೀಟರ್ ಬದಲಾಯಿಸಿ ಓಡಿಸಿ. ಮುಳ್ಳು ಜಾಗ ಬದಲಾಯಿಸಿದರೆ ಅದು ಡಬ್ಬಿಯದ್ದೇ.

ಆದರೆ ಅದನ್ನು ಸಿಮ್ಯುಲೇಶನ್ ಕಸ ಅಂತ ಬಿಸಾಡುವ ಮುಂಚೆ ನಿಲ್ಲಿ. ನಿಮ್ಮ ಬೋರ್ಡ್ ಕೊನೆಗೆ ಅಲ್ಯೂಮಿನಿಯಂ ಹೌಸಿಂಗ್‌ನಲ್ಲಿ ಕೂರುವುದಾದರೆ ಆ ಮುಳ್ಳು ನಿಜ. ಅದನ್ನು ತೋರಿಸದ ತೆರೆದ ಮಾಡೆಲ್ಲೇ ಆಗ ಅಪೂರ್ಣ. ಇಂಥ ಕಡೆ ಎರಡು ಟೂಲ್ ಬೇರೆ ಉತ್ತರ ಕೊಟ್ಟಿದ್ದು ನಿಮಗೆ ಆದ ಉಪಕಾರ.

ಡಬ್ಬಿ ಬದಲಾಯಿಸಿದರೂ ಮುಳ್ಳು ಅಲ್ಲೇ ಇದ್ದರೆ ಫ್ರೀಕ್ವೆನ್ಸಿ ಸ್ವೀಪ್ ನೋಡಿ. ಅಡಾಪ್ಟಿವ್ ಸ್ವೀಪ್ ಕೆಲವೇ ಬಿಂದುಗಳಲ್ಲಿ ಲೆಕ್ಕ ಹಾಕಿ ಉಳಿದದ್ದನ್ನು ಊಹಿಸುತ್ತದೆ. ಮುಳ್ಳಿನ ಸುತ್ತ ಹತ್ತು ಬಿಂದುಗಳನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕಿಸಿ. ಮಾಯವಾದರೆ ಅದು ಊಹೆಯ ತಪ್ಪು.

ಲಕ್ಷಣ: ಗ್ರಾಫ್ ಮೇಲೆಲ್ಲ ಸಣ್ಣ ಅಲೆ, ಎಸ್11 ಸೊನ್ನೆ ಡಿಬಿ ದಾಟಿದೆ

ಟೈಮ್ ಡೊಮೇನ್ ಟೂಲ್‌ನಲ್ಲಿ ಇದು ಪಲ್ಸ್ ಸಾಯುವ ಮುಂಚೆಯೇ ಲೆಕ್ಕ ನಿಲ್ಲಿಸಿದ ಗುರುತು. ಫಿಲ್ಟರ್ ಕಿರಿದಾದಷ್ಟೂ ಶಕ್ತಿ ಒಳಗೆ ಹೆಚ್ಚು ಹೊತ್ತು ಸುತ್ತುತ್ತದೆ. ನಿಲ್ಲಿಸುವ ಮಿತಿ −30 ಅಥವಾ −40 ಡಿಬಿ ಇದ್ದರೆ −60ಕ್ಕೆ ಇಳಿಸಿ. ಹೊರಗಿನ ರೇಡಿಯೇಶನ್ ಗಡಿ ತುಂಬಾ ಹತ್ತಿರ ಇದ್ದರೂ ತೊಂದರೆ. ಕಾಲು ತರಂಗಾಂತರ ದೂರ ಇರಲಿ, 5.8ಕ್ಕೆ ಸುಮಾರು 13 ಮಿ.ಮೀ.

ಪ್ಯಾಸಿವ್ ಸರ್ಕ್ಯೂಟಿನಲ್ಲಿ ಎಸ್11 ಸೊನ್ನೆ ಡಿಬಿ ದಾಟುವಂತಿಲ್ಲ. ದಾಟಿದ ಫೈಲನ್ನು ಮುಂದಿನ ಸರ್ಕ್ಯೂಟ್ ಸಿಮ್ಯುಲೇಶನ್‌ಗೆ ಕೊಡಬೇಡಿ. ಆಂಪ್ಲಿಫೈಯರ್ ಜೊತೆ ಹಾಕಿದರೆ ಇಲ್ಲದ ಆಸಿಲೇಶನ್ ಕಾಣಿಸಬಹುದು, ಇರುವುದು ಮುಚ್ಚಿಹೋಗಬಹುದು.

ಲಕ್ಷಣ: ವಯಾ ಇರುವ ಭಾಗ ಮಾತ್ರ ಹೊಂದುತ್ತಿಲ್ಲ

ಕೆಲವು ಪ್ಲೇನಾರ್ ಸೆಟ್ಟಿಂಗ್‌ಗಳು ವಯಾವನ್ನು ಸಣ್ಣ ತಂತಿ ಥರ ನೋಡುತ್ತವೆ. ತ್ರೀಡಿಯಲ್ಲಿ ಅದು ಪೂರ್ತಿ ಸಿಲಿಂಡರ್. ಇಂಡಕ್ಟೆನ್ಸ್ ಬೇರೆ ಬರುತ್ತದೆ. ಎರಡರಲ್ಲೂ ವಯಾವನ್ನು ಒಂದೇ ಎಂಟು ಮುಖದ ಕಂಬವಾಗಿ ಬರೆದು ಹೋಲಿಸಿ.

ಲಕ್ಷಣ: ಎರಡೂ ಟೂಲ್ ಒಂದೇ ಹೇಳುತ್ತವೆ, ಬೋರ್ಡ್ ಮಾತ್ರ ಒಪ್ಪುತ್ತಿಲ್ಲ

ಇಲ್ಲಿಂದ ಮುಂದೆ ಖರ್ಚಿನ ಕೆಲಸ. ಪೀಣ್ಯ ಕೈಗಾರಿಕಾ ಪ್ರದೇಶದ ಕಡೆ ಬೋರ್ಡ್ ಮಾಡಿಸುವಾಗಲೇ ಫಿಲ್ಟರ್ ಪಕ್ಕ ಒಂದು ನೇರ ಲೈನ್ ಮತ್ತು ಒಂದು ಒಂಟಿ ರೆಸೊನೇಟರ್ ಹಾಕಿಸಿ. ಹೆಚ್ಚು ಜಾಗ ಬೇಡ, ಆದರೆ ಬೋರ್ಡಿನ ನಿಜವಾದ ಎಪ್ಸಿಲಾನ್ ಅದರಿಂದ ಸಿಗುತ್ತದೆ. ಲೈನಿನ ಅಗಲ ಮತ್ತು ಗ್ಯಾಪನ್ನು ಮೈಕ್ರೋಸ್ಕೋಪಿನಲ್ಲಿ ಅಳೆದು, ಆ ಸಂಖ್ಯೆಯನ್ನೇ ಟೂಲಿಗೆ ಕೊಡಿ. ನೆಟ್‌ವರ್ಕ್ ಅನಲೈಸರ್ ಕ್ಯಾಲಿಬ್ರೇಶನ್ ಕೇಬಲ್ ತುದಿಯವರೆಗೆ ಮಾತ್ರ ಆಗಿದ್ದರೆ ಎಸ್‌ಎಂಎ ಕನೆಕ್ಟರ್ ಕೂಡ ನಿಮ್ಮ ಅಳತೆಯಲ್ಲಿ ಸೇರಿರುತ್ತದೆ. ಅದನ್ನು ಟಿಆರ್‌ಎಲ್ (ಥ್ರೂ-ರಿಫ್ಲೆಕ್ಟ್-ಲೈನ್) ಕ್ಯಾಲಿಬ್ರೇಶನ್ ಲೈನ್‌ಗಳಿಂದ ತೆಗೆಯಬಹುದು.

ಜಾಗ್ರತೆಯ ಮಾತು ಇಲ್ಲೇ ಹೇಳಬೇಕು. ಆಂಪ್ಲಿಫೈಯರ್ ಔಟ್‌ಪುಟ್ಟನ್ನು ಅಟೆನ್ಯುಯೇಟರ್ ಇಲ್ಲದೆ ಅನಲೈಸರಿಗೆ ಸಿಕ್ಕಿಸಬೇಡಿ. ಪೋರ್ಟಿನ ಪಕ್ಕ ಬರೆದಿರುವ ಗರಿಷ್ಠ ಪವರ್ ಮತ್ತು ಡಿಸಿ ಮಿತಿ ಓದಿ. ಕೈಗೆ ಗ್ರೌಂಡ್ ಪಟ್ಟಿ ಕಟ್ಟಿಕೊಳ್ಳಿ. ಎಫ್‌ಆರ್4 ಕೊಯ್ಯುವಾಗ ಗಾಜಿನ ನಾರಿನ ಧೂಳು ಏಳುತ್ತದೆ, ಮಾಸ್ಕ್ ಬೇಕು. ಡ್ಯುರಾಯ್ಡ್ 5880 ಥರದ ಪಿಟಿಎಫ್‌ಇ ಹಾಳೆಯ ಚೂರುಗಳನ್ನು ಯಾವ ಕಾರಣಕ್ಕೂ ಸುಡಬೇಡಿ, ಆ ಹೊಗೆ ವಿಷ. ಕಾಲೇಜಿನಲ್ಲಿ ಫೆರಿಕ್ ಕ್ಲೋರೈಡ್‌ನಲ್ಲಿ ಎಚಿಂಗ್ ಮಾಡುವವರು (ಬೇಡದ ತಾಮ್ರ ಕರಗಿಸುವವರು) ಕೈಗವಸು, ಕನ್ನಡಕ ಹಾಕಿ. ಬಳಸಿದ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ.

ಯಾವಾಗ ನಿಲ್ಲಿಸಿ ಬೇರೆಯವರನ್ನು ಕೇಳಬೇಕು

ನೇರ ಲೈನ್ ಎರಡರಲ್ಲೂ ಒಂದೇ ಬಂದಿದೆ, ಮೆಶ್ ಎರಡರಲ್ಲೂ ನಿಂತಿದೆ, ಡಬ್ಬಿ ಒಂದೇ, ದಪ್ಪ ಒಂದೇ, ರೆಫರೆನ್ಸ್ 50 ಓಮ್. ಆದರೂ ಫಿಲ್ಟರ್ 1%ಗಿಂತ ಜಾಸ್ತಿ ಬೇರೆ ಬರುತ್ತಿದ್ದರೆ ಸ್ವಂತ ಪ್ರಯತ್ನ ಅಲ್ಲಿಗೆ ಸಾಕು. ಟೂಲ್ ಕಂಪನಿಯ ಸಪೋರ್ಟ್ ಇಂಜಿನಿಯರ್‌ಗೆ ಬರೆಯಿರಿ, ಅಥವಾ ಲ್ಯಾಬಿನ ಹಿರಿಯರ ಹತ್ತಿರ ಹೋಗಿ. ಪೂರ್ತಿ ಡಿಸೈನ್ ಕೊಡಬೇಡಿ. ನಮ್ಮೂರಿನಲ್ಲಿ ಎಷ್ಟೋ ಬೋರ್ಡ್‌ಗಳು ರೇಡಾರ್ ಮತ್ತು ಉಪಗ್ರಹ ಕೆಲಸದ್ದು, ಫೈಲ್ ಹೊರಗೆ ಕಳಿಸಲು ಅನುಮತಿ ಬೇಕೇ ಬೇಕು. ವ್ಯತ್ಯಾಸ ಇನ್ನೂ ಕಾಣುವಷ್ಟು ಚಿಕ್ಕ ಮಾಡೆಲ್ ಮಾಡಿ, ಸಾಧ್ಯವಾದರೆ ಎರಡು ರೆಸೊನೇಟರ್ ಮತ್ತು ಒಂದು ಗ್ಯಾಪ್ ಅಷ್ಟೇ. ಅದರ ಜೊತೆ ಪದರಗಳ ಪಟ್ಟಿ, ಟೂಲಿನ ವರ್ಷನ್, ಪೋರ್ಟ್ ಮತ್ತು ಗಡಿಯ ಸೆಟ್ಟಿಂಗ್, ಎರಡೂ ಟಚ್‌ಸ್ಟೋನ್ ಫೈಲ್, ಮೆಶ್ ಅರ್ಧ ಮಾಡುತ್ತಾ ಹೋದಾಗ ಬಂದ ಫ್ರೀಕ್ವೆನ್ಸಿಗಳ ಪಟ್ಟಿ ಇರಲಿ. ಆ ಕೊನೆಯ ಪಟ್ಟಿ ಇಲ್ಲದೆ ಕಳಿಸಿದರೆ ಅವರು ಮೊದಲು ಕೇಳುವುದು ಅದನ್ನೇ.